ಥೆಲ್ಮಾ ಸಿಸ್ಟರ್ ಹಸಿರು ಕಾರು ನೋಡಲು ಹೋದದ್ದು

ನಮ್ಮ ಆಲ್ಸ್ಟನ್ನಿನಲ್ಲಿ ಥೆಲ್ಮಾ ಬೀಟಿ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಸಿಸ್ಟರ್ ಎಂದರೆ ಇಡೀ ಬೀದಿ ತಿರುಗುತ್ತದೆ. ಮೂವತ್ತನಾಲ್ಕು ವರ್ಷ ಈ ಗುಡ್ಡಗಳ ಮೇಲೆ ಮನೆಯಿಂದ ಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟಿದವಳು, ಸೂಜಿ ಚುಚ್ಚಿದವಳು. ಹಿಮ ಬಿದ್ದು ರಸ್ತೆ ಕಾಣದ ದಿನ ಕಲ್ಲುಗೋಡೆಯ ತುದಿ ನೋಡಿಕೊಂಡು ಕಾರು ಓಡಿಸಿದವಳು. ಆ ಕಾರುಗಳೆಲ್ಲ ಸರಕಾರದವು. ಒಟ್ಟು ಏಳು. ಏಳೂ ಬಿಳಿ, ಏಳೂ ಪುಟ್ಟವು, ಏಳರಲ್ಲೂ ಔಷಧಿ ವಾಸನೆ. ಇವಳ ಹೆಸರಿನಲ್ಲಿ ಒಂದು ಸೈಕಲ್ಲೂ ಇರಲಿಲ್ಲ.

ಅರವತ್ತೇಳಕ್ಕೆ ನಿವೃತ್ತಿಯಾಯಿತು. ಒಂದು ಶುಕ್ರವಾರ ಏಳನೆಯ ಬಿಳಿ ಕಾರನ್ನು ಪೆನ್ರಿತ್ತಿನ ಕಚೇರಿಗೆ ಒಪ್ಪಿಸಬೇಕಿತ್ತು. ಕಾರಿಲ್ಲದೆ ಇಲ್ಲಿ ಬದುಕುವುದು ಕಷ್ಟ, ಬಸ್ಸು ಬಂದರೆ ಬಂತು. ಹಾಗಾಗಿ ಅವಳ ಅಕ್ಕನ ಗಂಡ ಗಾರ್ತ್ ಒಂದು ಬೂದು ಬಣ್ಣದ ಎತ್ತರದ ಕಾರನ್ನು ಗೊತ್ತು ಮಾಡಿಟ್ಟಿದ್ದ. ಗಾರ್ತನದು ಊರಿನ ಕೆಳಗೆ ರಿಪೇರಿ ಗ್ಯಾರೇಜು. ಅಕ್ಕ ತೀರಿಕೊಂಡು ಹತ್ತು ವರ್ಷವಾದರೂ ನಾದಿನಿಗೆ ಬುದ್ಧಿ ಹೇಳುವ ಕೆಲಸವನ್ನು ಅವನು ಬಿಟ್ಟಿರಲಿಲ್ಲ.

ಆ ಶುಕ್ರವಾರಕ್ಕೆ ಹಿಂದಿನ ಶನಿವಾರ ಥೆಲ್ಮಾ ನನ್ನ ಬ್ರೆಡ್ಡಿನ ಅಂಗಡಿಗೆ ಬಂದಳು. ಬಂದವಳು ಒಳಗೆ ಬರಲಿಲ್ಲ, ಕಿಟಕಿಯ ಹೊರಗೆ ನಿಂತು ನಾನು ಅಂಟಿಸಿದ್ದ ಚೀಟಿಗಳನ್ನು ಓದುತ್ತಿದ್ದಳು. ಒಂದು ಚೀಟಿಯನ್ನು ಓದಿದಳು, ಮತ್ತೆ ಓದಿದಳು, ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದಳು. ಅದರಲ್ಲಿದ್ದದ್ದು ಇಷ್ಟು: "ಹಸಿರು ಕಾರು. ಎರಡೇ ಸೀಟು. ಟಾಪು ಮಡಚಬಹುದು. ವಯಸ್ಸು ಇಪ್ಪತ್ತಾರು. ಓಡಿದ್ದು ಹನ್ನೊಂದು ಸಾವಿರ ಮೈಲಿ. ಮಳೆ ಕಂಡಿಲ್ಲ. ಯೋಗ್ಯರಿಗೆ ಮಾತ್ರ. ನಿಕೋಲ್ಸನ್, ಮೆಲ್ಮರ್ಬಿ."

"ಮಳೆ ಕಂಡಿಲ್ವಂತೆ," ಎಂದಳು ಒಳಗೆ ಬಂದು. "ಈ ಸೀಮೆಯಲ್ಲಿ. ಹಾಸಿಗೆ ಕೆಳಗೆ ಇಟ್ಕೊಂಡಿದ್ರಾ?"

"ನಿಂಗ್ಯಾಕೆ ಅದು? ನಿನ್ನ ಬೂದು ಕಾರು ಬರುತ್ತಲ್ಲ," ಎಂದೆ.

"ನೋಡಿದ್ರೆ ಕಾಸು ಕೇಳ್ತಾರಾ?"

ಬ್ರೆಡ್ಡು ಕೊಳ್ಳುವುದನ್ನೇ ಮರೆತು ಹೋದಳು. ಆಗಲೇ ನನಗೆ ಅನುಮಾನ ಬಂದಿತ್ತು.

ಮರುದಿನ ಹಾರ್ಟ್‌ಸೈಡ್ ಗುಡ್ಡ ಹತ್ತಿ ಆಚೆ ಇಳಿದು ಮೆಲ್ಮರ್ಬಿಗೆ ಹೋದಳು. ನಿಕೋಲ್ಸನ್ ಮೇಷ್ಟ್ರು ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು, ಒಂಟಿ ಮನುಷ್ಯ, ತೋಟದ ಗೋಡೆಯ ಕಲ್ಲುಗಳನ್ನೂ ತೊಳೆದಿಡುವಂಥವರು. ಕೊಟ್ಟಿಗೆಯ ಬಾಗಿಲು ತೆಗೆದು, ದಪ್ಪ ಟಾರ್ಪಾಲನ್ನು ಮಗುವಿನ ಕಂಬಳಿ ಎತ್ತುವ ಹಾಗೆ ಎತ್ತಿದರು. ಒಳಗೆ ಕಡುಹಸಿರು ಕಾರು, ಮೊನ್ನೆ ಅಂಗಡಿಯಿಂದ ಇಳಿಸಿದ ಹಾಗೆ. ಥೆಲ್ಮಾ ಮೊದಲು ನೋಡಲಿಲ್ಲ, ಮೂಸಿದಳು. ಮೂವತ್ತನಾಲ್ಕು ವರ್ಷದ ಅಭ್ಯಾಸ, ರೋಗಿಯ ಕೋಣೆಗೆ ಕಾಲಿಟ್ಟರೆ ಮೊದಲು ಮೂಗು.

"ಬೆವರ್ತಿದೆ ಮೇಷ್ಟ್ರೇ. ಟಾರ್ಪಾಲಿನ ಅಡಿಯಲ್ಲಿ ತೇವ ಕೂತಿದೆ."

"ಇಪ್ಪತ್ತಾರು ವರ್ಷದಿಂದ ಹಾಗೇ ಮುಚ್ಚಿಟ್ಟಿದ್ದೀನಿ ಸಿಸ್ಟರ್. ಒಂದು ಚುಕ್ಕೆ ತುಕ್ಕು ತೋರ್ಸಿ."

ಅವಳು ಮೊಣಕಾಲೂರಿ ಪೆಡಲುಗಳ ರಬ್ಬರು ನೋಡಿದಳು, ಅಂಚು ಕೂಡ ಸವೆದಿರಲಿಲ್ಲ. ಆಮೇಲೆ ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಅಂಕಿಯನ್ನು ಬೆರಳಿನಿಂದ ಸವರಿದಳು. ಟೈರು ಯಾವ ವಾರ, ಯಾವ ವರ್ಷ ಹುಟ್ಟಿತೆಂದು ಅದು ಹೇಳುತ್ತದೆ, ಗಾರ್ತನೇ ಹಿಂದೊಮ್ಮೆ ಕಲಿಸಿದ್ದ. ಟೈರುಗಳಿಗೂ ಇಪ್ಪತ್ತಾರು ವಯಸ್ಸು.

"ಕಾರಿನ ಜೊತೆಗೇ ಬಂದಿದ್ದು," ಮೇಷ್ಟ್ರು ಎದೆಯುಬ್ಬಿಸಿದರು. "ಗೆರೆಗಳು ನೋಡಿ, ಹೊಸದರ ಹಾಗಿವೆ."

"ಹಾಗಾದ್ರೆ ಹನ್ನೊಂದು ಸಾವಿರ ಅನ್ನೋದು ನಿಜ," ಎಂದಳು ಥೆಲ್ಮಾ. "ಮತ್ತೆ ಈ ಟೈರಿನ ಮೇಲೆ ನಾನು ನಿಮ್ಮ ಗೇಟಿನವರೆಗೂ ಬರಲ್ಲ. ರಬ್ಬರು ಕಲ್ಲಾಗಿದೆ."

ಮೇಷ್ಟ್ರ ಮುಖ ಸಣ್ಣಗಾಯಿತು. ಆದರೂ ತಮ್ಮ ಷರತ್ತುಗಳನ್ನು ಹೇಳಿದರು. ಮಳೆಯಲ್ಲಿ ಕಾರು ತೆಗೆಯಬಾರದು. ಚಳಿಗಾಲದಲ್ಲಿ ತೆಗೆಯಬಾರದು. ವರ್ಷಕ್ಕೆ ಐನೂರು ಮೈಲಿ ದಾಟಬಾರದು. "ಮಾತು ಕೊಟ್ರೆ ಕಾರು ನಿಮ್ದು. ನಿಮ್ಮ ಮಾತಿಗೆ ಈ ಸೀಮೆಯಲ್ಲಿ ಬೆಲೆ ಇದೆ ಅಂತ ಗೊತ್ತು."

"ಕೊಡಲ್ಲ ಮೇಷ್ಟ್ರೇ. ನಂಗೆ ದಿನಾ ಓಡಿಸೋಕೆ ಕಾರು ಬೇಕು."

"ಹಾಗಾದ್ರೆ ಬೂದು ಬಣ್ಣದ್ದು ಏನಾದ್ರೂ ನೋಡ್ಕೊಳ್ಳಿ," ಎಂದು ಅವರು ಟಾರ್ಪಾಲು ಎಳೆದರು. ಅವರಿಗೇನು ಗೊತ್ತು ಪಾಪ, ಬಾಯಿಗೆ ಬಂದ ಬಣ್ಣ ಹೇಳಿದರು. ಆ ಮಾತು ಥೆಲ್ಮಾಳಿಗೆ ಚುಚ್ಚಿತು.

ಸೋಮವಾರ ಗಾರ್ತನ ಗ್ಯಾರೇಜಿನಲ್ಲಿ ಅವನು ನಕ್ಕಿದ್ದೇ ನಕ್ಕಿದ್ದು.

"ಹುಡುಗೀ, ಸೊಂಟದ ಕೀಲು ಬದಲಾಯ್ಸಿ ವರ್ಷ ಆಯ್ತು ಅಷ್ಟೆ. ಆ ಕಾರಲ್ಲಿ ಕೂತ್ರೆ ಹಿಂಭಾಗ ರಸ್ತೆಗೆ ತಾಗುತ್ತೆ. ಇಳಿಸೋಕೆ ಕ್ರೇನು ಕರೀಬೇಕು."

ಥೆಲ್ಮಾ ಮೂಲೆಯಲ್ಲಿದ್ದ ಗಿಡ್ಡ ಎಣ್ಣೆ ಡಬ್ಬದ ಮೇಲೆ ಕೂತು ತೋರಿಸಿದಳು. ಮೊದಲು ಬೆನ್ನು ತಿರುಗಿಸಿ ಕೂರುವುದು, ಆಮೇಲೆ ಎರಡೂ ಕಾಲು ಒಟ್ಟಿಗೆ ತಿರುಗಿಸುವುದು. ಏಳುವಾಗಲೂ ಹಾಗೆಯೇ. "ಇನ್ನೂರು ಜನಕ್ಕೆ ಕಲಿಸಿದೀನಿ ಇದನ್ನ. ನಿಂಗೂ ಬೇಕಾಗುತ್ತೆ, ನೋಡಿಟ್ಕೋ."

"ಸರಿ, ಬೇಕೇ ಬೇಕು ಅಂದ್ರೆ ಆ ಮೇಷ್ಟ್ರಿಗೆ ಹೂಂ ಅಂದ್ಬಿಡು. ಆಮೇಲೆ ನಿನ್ನಿಷ್ಟ. ಮನೆಗೆ ಬಂದು ಮಳೆ ನೋಡ್ತಾರಾ?"

"ಮೂವತ್ತನಾಲ್ಕು ವರ್ಷ ಸೂಜಿ ಹಿಡ್ಕೊಂಡು 'ನೋವಾಗಲ್ಲ' ಅಂತ ಸುಳ್ಳು ಹೇಳಿದೀನಿ. ಸಾಕು." ಹಿತ್ತಲ ಕಡೆ ಇಣುಕಿ ಕೇಳಿದಳು, "ನಿನ್ನ ಹಿತ್ತಲಲ್ಲಿ ಅದೇ ಜಾತಿ ಕಾರು ಒಂದು ಬಿದ್ದಿದೆಯಲ್ಲ, ಹಳ್ಳಕ್ಕೆ ಹೋಗಿದ್ದು. ಅದರ ಚಕ್ರ ಚೆನ್ನಾಗಿವೆಯಾ?"

"ಟೈರು ಎರಡು ವರ್ಷದ್ದು. ಯಾಕೆ?"

"ನಾಳೆ ಮೇಷ್ಟ್ರ ಕಾರಿಗೆ ಹಾಕೋಣ."

"ಕೊಳ್ಳದ ಕಾರಿಗೆ ಚಕ್ರ ಹಾಕೋದಾ? ತಲೆಗೂ ಆಪರೇಷನ್ ಮಾಡಿಸ್ಕೊಂಡ್ಯಾ?"

"ನಂಗೆ ಮಾರಲಿ ಬಿಡಲಿ, ಬಿಸಿಲಿದ್ದ ಭಾನುವಾರ ಆ ಮನುಷ್ಯ ಅದನ್ನ ಓಡಿಸ್ತಾರೆ ಗಾರ್ತ್. ಆ ಟೈರಿನ ಮೇಲೆ. ಹಾರ್ಟ್‌ಸೈಡಿನ ತಿರುವುಗಳಲ್ಲಿ."

ಗಾರ್ತ್ ಗೊಣಗಿಕೊಂಡು ಸ್ಪಾನರು ಹುಡುಕಲು ಹೋದ.

ಮಂಗಳವಾರ ಮೇಷ್ಟ್ರು ಗೇಟಿನಲ್ಲಿ ನಾಲ್ಕು ಚಕ್ರ, ಒಂದು ಜಾಕು, ಇಬ್ಬರು ಮನುಷ್ಯರನ್ನು ನೋಡಿದರು. ಬೇಡ ಎನ್ನುವಷ್ಟರಲ್ಲಿ ಗಾರ್ತ್ ಕೊಟ್ಟಿಗೆಯೊಳಗಿದ್ದ. ಮೂರು ಚಕ್ರ ಸಲೀಸಾಗಿ ಬದಲಾದವು. ನಾಲ್ಕನೆಯದು, ಹಿಂದಿನ ಎಡಗಡೆಯದು, ಜಾಕಿನ ಮೇಲೆ ಎತ್ತಿದರೂ ತಿರುಗಲೊಲ್ಲದು. ಚಳಿಗಾಲ ಪೂರ್ತಿ ಹ್ಯಾಂಡ್‌ಬ್ರೇಕು ಎಳೆದಿಟ್ಟು, ತೇವದಲ್ಲಿ ಬ್ರೇಕು ಕಚ್ಚಿಕೊಂಡುಬಿಟ್ಟಿತ್ತು. ಗಾರ್ತ್ ಸುತ್ತಿಗೆಯಿಂದ ತಟ್ಟಿದ. ಪ್ರತಿ ಏಟಿಗೂ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಏಳನೆಯ ಏಟಿಗೆ ಟಕ್ ಎಂದು ಬಿಟ್ಟಿತು.

"ಇದು ಓಡಿದ್ದಕ್ಕೆ ಕೆಟ್ಟಿದ್ದಲ್ಲ ಮೇಷ್ಟ್ರೇ, ಮಲಗಿದ್ದಕ್ಕೆ ಕೆಟ್ಟಿದ್ದು," ಎಂದಳು ಥೆಲ್ಮಾ. "ಆಪರೇಷನ್ ಆದವ್ರನ್ನ ನಾವು ಮಾರನೇ ದಿನವೇ ಎಬ್ಬಿಸಿ ನಡೆಸ್ತೀವಿ. ಬೈತಾರೆ. ಆದ್ರೂ ನಡೆಸ್ತೀವಿ."

ಮೇಷ್ಟ್ರು ಹಳೆಯ ಟೈರೊಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಕೀಲಿಕೈಯನ್ನು ಅವಳ ಕೈಗೆ ಹಾಕಿದರು. "ಬಿಸಿಲಿದೆ. ಗುಡ್ಡದ ತುದಿಯವರೆಗೆ ಹೋಗಿ ಬರೋಣ. ಟಾಪು ಮಡಚಿದ್ದು ಹಾಗೇ ಇರಲಿ. ಮಾರೋ ಮಾತು ಬೇರೆ."

ಗಾರ್ತ್ ತನ್ನ ಗಾಡಿಯಲ್ಲಿ ಊರಿಗೆ ಮರಳಿದ. ಥೆಲ್ಮಾ ಬೆನ್ನು ತಿರುಗಿಸಿ ಕೂತು, ಕಾಲು ತಿರುಗಿಸಿ, ಹೊರಟೇಬಿಟ್ಟಳು. ಮುಂದಿನದನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಕಾರು ತಿರುವಿಗೆ ಕಾಯುವ ಹಾಗಿತ್ತಂತೆ, ಸ್ಟೀರಿಂಗು ತಿರುಗಿಸುವ ಮೊದಲೇ ತಿರುಗುತ್ತಿತ್ತಂತೆ. ಮೊದಲ ಎರಡು ಮೈಲಿ ಹಿಂದಿನ ಬ್ರೇಕು ಕಿರುಗುಟ್ಟಿತು, ಮೂರನೆಯ ಮೈಲಿಗೆ ಸುಮ್ಮನಾಯಿತು. ಏಳು ಬಿಳಿ ಕಾರುಗಳಲ್ಲಿ ಸಾವಿರಾರು ಸಲ ಹತ್ತಿದ ಗುಡ್ಡ ಅದು, ಇಷ್ಟು ಚಿಕ್ಕದೆಂದು ಅವಳಿಗೆ ಅವತ್ತೇ ಗೊತ್ತಾದದ್ದು.

ತುದಿ ಮುಟ್ಟುವ ಹೊತ್ತಿಗೆ ಹಿಂದಿನಿಂದ ಮೋಡ ಬಂತು. ನಮ್ಮ ಗುಡ್ಡದ ಮೋಡ, ಹೇಳಿ ಬರುವುದಿಲ್ಲ.

"ನಿಲ್ಸಿ, ನಿಲ್ಸಿ. ಟಾಪು ಎಳೀಬೇಕು," ಎಂದರು ಮೇಷ್ಟ್ರು.

"ನಿಂತ್ರೆ ನೆನೀತೀವಿ. ಓಡ್ತಿದ್ರೆ ಮಳೆ ಗಾಜು ಹತ್ತಿ ತಲೆ ಮೇಲೆ ಹಾರಿ ಹೋಗುತ್ತೆ."

ಹಾಗೆಯೇ ಆಯಿತು. ಆಚೆ ಬದಿಯ ಉದ್ದ ರಸ್ತೆಯಲ್ಲಿ ಸುತ್ತ ಎಲ್ಲ ಕಡೆ ಮಳೆ, ಕಾರಿನೊಳಗೆ ಹನಿಯಿಲ್ಲ. ಎರಡು ಮೈಲಿ ಮೇಷ್ಟ್ರು ಅಂಗೈ ತೆರೆದುಕೊಂಡು ಕೂತಿದ್ದರು, ಹನಿ ಬೀಳುತ್ತದೋ ಎಂದು. ಬೀಳಲಿಲ್ಲ. ಅವರ ತುಟಿ ಸ್ವಲ್ಪ ಸಡಿಲವಾಗುತ್ತಿದ್ದಾಗ ತಿರುವಿನಾಚೆ ರಸ್ತೆಯ ತುಂಬ ಕುರಿ.

ಥೆಲ್ಮಾಳ ಹಳೆಯ ರೋಗಿ ಐಸಾಕ್ ಡಿಕ್ಸನ್ನನ ಕುರಿಗಳು. ಕಾರು ನಿಂತಿತು. ನಿಂತ ಕೂಡಲೇ ಆಕಾಶ ಬಾಯಿಬಿಟ್ಟಿತು. ಇಬ್ಬರೂ ಸೇರಿ ಟಾಪು ಎಳೆದರು. ಅದು ಅರ್ಧಕ್ಕೆ ಬಂದು ಹಟ ಹಿಡಿಯಿತು, ಎಷ್ಟೋ ವರ್ಷ ಮಡಚಿಯೇ ಇಟ್ಟ ಕಂಬಿಗಳು. ಕೊಡೆ ಮುರಿದವರ ಹಾಗೆ ಇಬ್ಬರೂ ಕೂತರು. ಐಸಾಕ್ ಕುರಿಗಳ ನಡುವಿನಿಂದ ಬಂದು ಕಾರಿನ ಬಾಗಿಲಿಗೆ ಒರಗಿದ.

"ಸಿಸ್ಟರ್ರಾ? ಒಳ್ಳೇದಾಯ್ತು. ಈ ಕಾಲು ನೋಡಿ ಸ್ವಲ್ಪ, ಮತ್ತೆ ಊದಿದೆ."

"ಐಸಾಕ್, ಕುರಿ ಸರಿಸು."

"ಸರಿಸ್ತೀನಿ, ಅವಕ್ಕೇನು ಅವಸರ. ಈ ಮಾತ್ರೆ ಊಟಕ್ಕೆ ಮುಂಚೆಯೋ, ಆಮೇಲೋ?"

"ಆಮೇಲೆ. ಕುರಿ ಸರಿಸು."

"ಚೆನ್ನಾಗಿದೆ ಕಾರು. ಮೇಲ್ಗಡೆ ಕೊಟ್ಟಿಲ್ವಾ? ಅದಕ್ಕೆ ಬೇರೆ ಕಾಸಾ?" ಎನ್ನುತ್ತ ಅವನು ಖಾಲಿ ಮೇವಿನ ಚೀಲವೊಂದನ್ನು ಮೇಷ್ಟ್ರ ತಲೆಗೆ ಹಾಕಿದ. "ಇಟ್ಕೊಳ್ಳಿ ಸಾರ್, ವಾಪಸ್ ಬೇಡ."

ಇಪ್ಪತ್ತಾರು ವರ್ಷ ಒಂದು ಹನಿ ಕಾಣದ ಸೀಟಿನಲ್ಲಿ ನೀರು ನಿಂತಿತು. ಆ ಹೊತ್ತಿನಲ್ಲಿ ಥೆಲ್ಮಾ ಪಕ್ಕಕ್ಕೆ ನೋಡಲೇ ಇಲ್ಲ, ಮನುಷ್ಯ ಅಳುತ್ತಿದ್ದಾರೇನೋ ಎಂದು ಹೆದರಿಕೆ. ನೋಡಿದರೆ ಚೀಲದೊಳಗೆ ಭುಜ ಕುಲುಕುತ್ತಿದೆ. ಮೇಷ್ಟ್ರು ನಗುತ್ತಿದ್ದರು, ಸದ್ದೇ ಇಲ್ಲದೆ, ಹೊಟ್ಟೆ ಹಿಡಿದುಕೊಂಡು.

"ತಿರುಗಿಸ್ಲಾ?" ಎಂದು ಕೇಳಿದಳು.

"ಇನ್ನೇನು ಉಳಿದಿದೆ ನೆನೆಯೋಕೆ," ಎಂದರು ಅವರು. "ಮುಂದಕ್ಕೇ ಹೋಗಿ."

ನಾನು ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ. ಕಲ್ಲು ಹಾಸಿದ ಏರುಬೀದಿಯಲ್ಲಿ ಅರ್ಧ ಟಾಪಿನ ಹಸಿರು ಕಾರು ಬಂತು, ಒಳಗೆ ಒದ್ದೆ ಕೋಳಿಯ ಹಾಗೆ ನಮ್ಮ ಸಿಸ್ಟರ್, ಪಕ್ಕದಲ್ಲಿ ಮೇವಿನ ಚೀಲ ಹೊದ್ದ ಒಬ್ಬ ಮಹನೀಯ. ಒಳಗೆ ಕೂರಿಸಿ ಬಿಸಿ ಚಹಾ, ಬೆಣ್ಣೆ ಹಚ್ಚಿದ ದ್ರಾಕ್ಷಿ ಬನ್ನು ಕೊಟ್ಟೆ.

"ಒಂದು ಹನಿ ಬಿದ್ರೆ ಕಾರು ಹೋಯ್ತು ಅಂದ್ಕೊಂಡಿದ್ದೆ," ಎಂದರು ಮೇಷ್ಟ್ರು ಬಟ್ಟಲು ಹಿಡಿದುಕೊಂಡು. "ಏನೂ ಆಗ್ಲಿಲ್ಲ."

"ಆಗುತ್ತೆ," ಎಂದಳು ಥೆಲ್ಮಾ. "ಕಾರ್ಪೆಟ್ ಎತ್ತಿ ಒಣಗಿಸ್ದೇ ಇದ್ರೆ ನಾಳೆ ನಾರುತ್ತೆ. ಗಾರ್ತನ ಹತ್ರ ಹೀಟರ್ ಇದೆ, ನಡೀರಿ."

ಅವರು ಅವಳ ಮುಖ ನೋಡಿದರು. "ಮಳೆಯ ಮಾತು ಬಿಟ್ಟೆ ಸಿಸ್ಟರ್. ಮೈಲಿಯ ಮಾತೂ ಬಿಟ್ಟೆ. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಹಾಕ್ತಾರಲ್ಲ, ಅದಕ್ಕೆ ತುಕ್ಕು ಹಿಡಿಯುತ್ತೆ, ಅದೊಂದು ಭಯ."

"ಅದು ನ್ಯಾಯವಾದ ಭಯ. ಪ್ರತಿ ವರ್ಷ ಅದರ ಹೊಟ್ಟೆಯಡಿ ಮೇಣ ಬಳಿಸ್ತೀನಿ. ಆ ಮಾತು ಕೊಡ್ತೀನಿ. ಆದ್ರೆ ಮೊದಲು ಕಾರಿನ ಕೆಳಗೆ ಏನಿದೆ ನೋಡ್ಬೇಕು. ನಿಮ್ಮ ಟಾರ್ಪಾಲಿನ ಮೇಲೆ ನಂಗೆ ನಂಬಿಕೆ ಇಲ್ಲ."

ಅಂಗಡಿ ಮುಚ್ಚಿ ನಾನೂ ಅವರ ಜೊತೆ ಗ್ಯಾರೇಜಿಗೆ ಹೋದೆ. ಗಾರ್ತ್ ಕಾರನ್ನು ಮೇಲಕ್ಕೆತ್ತಿ, ದೀಪ ಹಿಡಿದು ಅದರ ಕೆಳಗೆ ಹೋದ. ಬೇಡ ಎನ್ನಲು ಒಂದು ಕಾರಣ ಸಿಕ್ಕಿದ್ದರೆ ಬಿಡುವವನಲ್ಲ. ಬಾಗಿಲ ಕೆಳಗಿನ ಪಟ್ಟಿಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಇಂಚಿಂಚೂ ತಟ್ಟಿದ, ಕೊಳೆತಿದ್ದರೆ ಅಲ್ಲೇ ಕೊಳೆತಿರುತ್ತದೆ. ಥೆಲ್ಮಾ ಕೈಕಟ್ಟಿ ನಿಂತಿದ್ದಳು. ಅಷ್ಟು ಬಿಗಿಯಾಗಿ ಅವಳು ನಿಂತದ್ದನ್ನು ನಾನು ನೋಡಿರಲಿಲ್ಲ. ಬೂದು ಕಾರಿನವನು ಸಂಜೆಯೊಳಗೆ ಉತ್ತರ ಹೇಳಿ ಎಂದಿದ್ದ.

ಗಾರ್ತ್ ಹೊರಗೆ ಬಂದ, ಕೈ ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ.

"ಬ್ರೇಕಿನ ಕೆಲಸ ಇದೆ. ಟಾಪಿನ ಕಂಬಿಗೆ ಎಣ್ಣೆ ಬೇಕು. ರಬ್ಬರು ಪೈಪು ಎರಡು ಒಣಗಿವೆ."

"ತುಕ್ಕು?"

"ಇಲ್ಲ."

"ಸರಿಯಾಗಿ ಹೇಳು ಗಾರ್ತ್."

"ಹುಡುಕಿದೆ ಹುಡುಗೀ. ಸಿಗ್ಲಿಲ್ಲ. ಅದೇ ನಂಗೆ ಬೇಜಾರು."

ಥೆಲ್ಮಾ ಫೋನು ತೆಗೆದು ಬೂದು ಕಾರಿನವನಿಗೆ ಬೇಡ ಎಂದಳು. ಕ್ಷಮಿಸಿ ಎಂದಳು, ಒಂದು ಸಲ ಮಾತ್ರ.

ಶುಕ್ರವಾರ ಪೆನ್ರಿತ್ತಿನ ಕಚೇರಿಯಲ್ಲಿ ಕೀಲಿಕೈ ತೆಗೆದುಕೊಂಡ ಹೆಂಗಸು ಕಾಗದಕ್ಕೆ ಸಹಿ ಹಾಕಿಸಿಕೊಂಡು ಕೇಳಿದಳಂತೆ, "ಮನೆಗೆ ಹೇಗೆ ಹೋಗ್ತೀರಿ ಸಿಸ್ಟರ್? ಹೊರಗೆ ಜೋರು ಮಳೆ. ಟ್ಯಾಕ್ಸಿ ಕರೀಲಾ?"

"ಬೇಡಮ್ಮ. ನನ್ನ ಕಾರು ಬಂದಿದೆ."

ಕಿಟಕಿಯಾಚೆ ನಿಕೋಲ್ಸನ್ ಮೇಷ್ಟ್ರು ಮೆಲ್ಮರ್ಬಿಯಿಂದ ಅಷ್ಟೂ ದೂರ ಮಳೆಯಲ್ಲೇ ಓಡಿಸಿಕೊಂಡು ಬಂದು, ಗಾರ್ತ್ ರಿಪೇರಿ ಮುಗಿಸಿ ಕಳಿಸಿದ್ದ ಹಸಿರು ಕಾರನ್ನು ಬಾಗಿಲಿಗೇ ಹಚ್ಚಿ ನಿಲ್ಲಿಸಿದ್ದರು. ಕಾರಿನ ಮೈಗೆಲ್ಲ ಕೆಸರು ಸಿಡಿದಿತ್ತು. ಅವರು ಇಳಿದು, ಚಾಲಕನ ಬಾಗಿಲನ್ನು ಅವಳಿಗೆ ತೆರೆದು ಹಿಡಿದು, ತಾವು ಸುತ್ತಿ ಹೋಗಿ ಪಕ್ಕದ ಸೀಟಿನಲ್ಲಿ ಕೂತರು.

ಥೆಲ್ಮಾ ಬೆನ್ನು ತಿರುಗಿಸಿ ಕೂತಳು, ಎರಡೂ ಕಾಲು ಒಳಗೆ ತಂದಳು. ಕಚೇರಿಯ ಐದೂ ಕಿಟಕಿಗಳಲ್ಲಿ ಮುಖಗಳಿದ್ದವು. ಅವಳು ಹಾರ್ನು ಹೊಡೆಯುವವಳಲ್ಲ. ಅವತ್ತು ಹೊಡೆದಳು.