ವರ್ಷ ತುಂಬದ ಲ್ಯಾಪ್‌ಟಾಪ್

ಪ್ಲಾನಪ್ಪನ ಲ್ಯಾಪ್‌ಟಾಪ್‌ಗೆ ಇನ್ನೂ ವರ್ಷ ತುಂಬಿರಲಿಲ್ಲ. ಕಂಪನಿಯವರು ಅಂಟಿಸಿದ್ದ ಸ್ಟಿಕ್ಕರ್‌ಗಳನ್ನು ಕಿತ್ತರೆ ಎಲ್ಲಿ ಹಳೆಯದಾಗಿಬಿಡುತ್ತದೋ ಎಂದು ಹಾಗೆಯೇ ಬಿಟ್ಟಿದ್ದ. ಕೆಲಸ ಮುಗಿಸಿ ಮುಚ್ಚಿಡುವ ಮೊದಲು ಮೆತ್ತನೆಯ ಬಟ್ಟೆಯಿಂದ ಅದರ ಬೆನ್ನು ಒರೆಸುತ್ತಿದ್ದ. ಸ್ನಾನ ಮಾಡಿದಾಗ ಸ್ವಂತ ಬೆನ್ನನ್ನು ಅಷ್ಟು ಜೋಪಾನವಾಗಿ ಒರೆಸಿಕೊಂಡವನಲ್ಲ. ಹೀಗೆ ಅವರಿಬ್ಬರ ಸಂಸಾರ ಸುಖವಾಗಿ ಸಾಗುತ್ತಿದ್ದಾಗ ಅದೇ ಕಂಪನಿ ಹೊಸ ಮಾಡೆಲ್ ಬಿಟ್ಟಿತು. ಸುದ್ದಿ ಓದಿದ ಗಳಿಗೆಯಿಂದ ಅವನ ಕಣ್ಣಿಗೆ ಮನೆಯಲ್ಲಿದ್ದದ್ದು ಮುದಿಯಾಗಿ ಕಾಣತೊಡಗಿತು. ನಿನ್ನೆಯವರೆಗೆ ಕೇಳಿಸದಿದ್ದ ಅದರ ಫ್ಯಾನಿನ ಸದ್ದು ಇವತ್ತು ಗೊರಕೆಯಾಗಿ ಕೇಳಿಸಿತು.

ಪ್ಲಾನಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮನೆ ಕಟ್ಟಿಸುವವರಿಗೆ ಪ್ಲಾನ್ ಬರೆದುಕೊಡುವುದು ಅವನ ಕಸುಬು, ಹಾಗಾಗಿ ಬೀದಿಯವರು ಹಾಗೆ ಕರೆಯುತ್ತಿದ್ದರು. ಬಾಡಿಗೆ ಮನೆಯ ಮುಂದಿನ ಕೋಣೆಯೇ ಕಚೇರಿ. ನಡುವೆ ಒಂದು ಕರ್ಟನ್. ಒಳಬದಿಯಲ್ಲಿ ಅವನ ಮೇಜು, ಬೀದಿಯ ಕಿಟಕಿಯ ಬದಿಯಲ್ಲಿ ಹೆಂಡತಿಯ ಹೊಲಿಗೆ ಮೆಷಿನ್ನು. ಅವಳದು ಆಲ್ಟರೇಷನ್ ಕೆಲಸ. ಉದ್ದವಾದ ಪ್ಯಾಂಟು ಮಡಿಸಿ ಹೊಲಿಯುತ್ತಿದ್ದಳು, ಕೆಟ್ಟ ಜಿಪ್ಪು ಬದಲಾಯಿಸುತ್ತಿದ್ದಳು, ದಪ್ಪಗಾದವರ ಸೊಂಟ ಬಿಡಿಸಿ ಕೊಡುತ್ತಿದ್ದಳು. ಬೀದಿಯಲ್ಲಿ ಯಾರು ಊದಿದರು, ಯಾರು ಇಳಿದರು ಎನ್ನುವುದು ಡಾಕ್ಟರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಪ್ಲಾನಪ್ಪನ ಮದುವೆಯಾದದ್ದೂ ಆ ದಾರಿಯಿಂದಲೇ. ಒಂದೇ ಪ್ಯಾಂಟು ಹಿಡಿದುಕೊಂಡು, ಇನ್ನೂ ಸ್ವಲ್ಪ ಉದ್ದವಾಯಿತು, ಇನ್ನೂ ಸ್ವಲ್ಪ ಉದ್ದವಾಯಿತು ಎಂದು ಅವಳ ಅಂಗಡಿಗೆ ಮತ್ತೆ ಮತ್ತೆ ಹೋಗುತ್ತಿದ್ದ. ಕೊನೆಗೆ ಪ್ಯಾಂಟು ಚಡ್ಡಿಯಾಯಿತು, ಅವಳು ಹೆಂಡತಿಯಾದಳು.

ಊರವರಿಗೆಲ್ಲ ಮನೆ ಬರೆದುಕೊಟ್ಟು ತಾನು ಬಾಡಿಗೆ ಮನೆಯಲ್ಲೇ ತಲೆ ನರೆಸಿಕೊಂಡವನಿಗೆ ಈಗ ಸ್ವಂತ ಸೈಟು ಕೈಗೆ ಬಂದಿತ್ತು. ಸೋಮವಾರ ಕಂಟ್ರಾಕ್ಟರು ಪಾಯ ತೋಡಿಸಲು ಬರುವವನಿದ್ದ. ಅಷ್ಟರಲ್ಲಿ ಪ್ಲಾನ್ ಅಂತಿಮವಾಗಬೇಕು. ಬೇರೆಯವರ ಮನೆ ಕೆಟ್ಟರೆ ಅವರು ಬೈದುಕೊಂಡು ಅದರಲ್ಲೇ ಇರುತ್ತಾರೆ, ಇವನ ಕಿವಿಗೆ ಬೀಳುವುದಿಲ್ಲ. ಈ ಮನೆ ಕೆಟ್ಟರೆ ಬೈಗುಳವೂ ತಾನೂ ಒಂದೇ ಸೂರಿನಡಿ ಬಾಳಬೇಕು. ಅಷ್ಟೇ ಅಲ್ಲ, ಇಷ್ಟು ವರ್ಷ ಕರ್ಟನ್ನಿನ ಆಚೆ ಬೆನ್ನು ಬಗ್ಗಿಸಿ ಕೂತವಳು ಮನಸಾರೆ ಮೆಚ್ಚುವಂಥ ಮನೆ ಕೊಡಬೇಕು ಎಂಬ ಆಸೆ ಅವನಿಗೆ ನಿಜವಾಗಿಯೂ ಇತ್ತು. ಅವಳು ಮೆಚ್ಚದಿದ್ದರೆ ತನ್ನ ಕಸುಬಿಗೆ ಬೆಂಕಿ ಹಾಕಬೇಕು ಎಂದುಕೊಂಡಿದ್ದ. ಹಾಗೆಂದು ಅವಳಿಗೆ ಹೇಳಿರಲಿಲ್ಲ. ಪ್ಲಾನನ್ನೂ ತೋರಿಸಿರಲಿಲ್ಲ. ಹೊಸ ಲ್ಯಾಪ್‌ಟಾಪಿನಲ್ಲಿ ಒಮ್ಮೆಲೇ ಬಣ್ಣಬಣ್ಣವಾಗಿ ತೋರಿಸಿ ಅವಳನ್ನು ಬೆರಗಾಗಿಸುವುದು ಅವನ ಲೆಕ್ಕಾಚಾರ.

ಹೊಸ ಮಾಡೆಲ್ ಏಕೆ ಬೇಕು ಎಂದರೆ ಅವನ ಬಳಿ ಒಂದು ಘನವಾದ ಕಾರಣವಿತ್ತು. ಪ್ಲಾನಿನ ಗೆರೆಗಳು ಗಿರಾಕಿಗಳಿಗೆ ಅರ್ಥವಾಗುವುದಿಲ್ಲ. ಅವರಿಗೆ ಗೋಡೆ, ಬಾಗಿಲು, ಬಣ್ಣ, ಅಂಗಳದಲ್ಲಿ ನಿಂತ ಕಾರು ಎಲ್ಲ ಫೋಟೋದಂತೆ ಕಾಣಬೇಕು. ಗೆರೆಗಳನ್ನು ಹಾಗೆ ಚಿತ್ರವಾಗಿಸುವುದಕ್ಕೆ ರೆಂಡರ್ ಎನ್ನುತ್ತಾರೆ. ಅವನ ಲ್ಯಾಪ್‌ಟಾಪ್‌ಗೆ ಅದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಆ ಅರ್ಧ ಗಂಟೆ ಎಂದರೆ ಪ್ಲಾನಪ್ಪನಿಗೆ ನಡುಕ. ಮನೆ ಕಟ್ಟಿಸಲು ಬಂದ ಗಂಡ ಹೆಂಡತಿ ಎದುರು ಕೂತು, ಕಾಫಿ ಮುಗಿಸಿ, ಗೋಡೆಯ ಕ್ಯಾಲೆಂಡರ್ ನೋಡಿ, ಮಾಡಲು ಬೇರೇನೂ ಇಲ್ಲದೆ ಮಾತಿಗಿಳಿಯುತ್ತಿದ್ದರು. ಮಾತು ಮನೆಗೆ ತಿರುಗುತ್ತಿತ್ತು. ಅಲ್ಲಿಗೆ ಕಥೆ ಮುಗಿಯಿತು.

ಬ್ಯಾಂಕಿನ ಆಫೀಸರೊಬ್ಬ ಮೇಲಿನ ಕೋಣೆ ತನ್ನ ತಮ್ಮನಿಗೆ ಎಂದು ಬಾಯಿಬಿಟ್ಟ. ತಮ್ಮ ಬಂದು ಇರಲಿದ್ದಾನೆಂಬ ವಿಷಯ ಅವನ ಹೆಂಡತಿಗೆ ತಿಳಿದದ್ದು ಆ ಕುರ್ಚಿಯಲ್ಲೇ. ರಿಟೈರಾದ ಡ್ರಿಲ್ ಮೇಷ್ಟ್ರ ಹೆಂಡತಿ, ತನಗೆ ಬಚ್ಚಲುಮನೆ ಬೇರೆಯೇ ಬೇಕು, ನಲ್ಲಿಯ ಕೆಳಗೆ ಇವರು ಹಾಡುವುದನ್ನು ಇನ್ನು ಕೇಳಲಾರೆ ಎಂದು ಅತ್ತೇಬಿಟ್ಟಳು. ಮೇಷ್ಟ್ರು ತಾನು ಚೆನ್ನಾಗಿಯೇ ಹಾಡುತ್ತೇನೆಂದು ಅಲ್ಲೇ ಒಂದು ಚರಣ ಹಾಡಿ ತೋರಿಸಿದರು. ಪ್ಲಾನಪ್ಪ ಮೇಷ್ಟ್ರ ಹೆಂಡತಿಯ ಪಕ್ಷ ವಹಿಸಿ ಎರಡನೆಯ ಬಚ್ಚಲುಮನೆ ಬರೆದ. ಎಷ್ಟು ಚಿತ್ರಗಳು ಪೂರ್ತಿಯಾಗುವ ಮೊದಲೇ ಸತ್ತವೋ ಲೆಕ್ಕವಿಲ್ಲ. ಮತ್ತೆ ಗೋಡೆ ಅಳಿಸು, ಬಾಗಿಲು ಸರಿಸು, ಮತ್ತೆ ಅರ್ಧ ಗಂಟೆ, ಮತ್ತೆ ಕಾಫಿ.

ಪ್ಲಾನಪ್ಪನ ಹೆಂಡತಿಯ ತಮ್ಮ ಲ್ಯಾಪ್‌ಟಾಪ್ ಅಂಗಡಿಯಲ್ಲಿ ಸೇಲ್ಸ್ ಕೆಲಸದಲ್ಲಿದ್ದ. ಭಾವನ ಚಪಲ ಅವನಿಗೆ ಗೊತ್ತಿಲ್ಲದ್ದೇನಲ್ಲ. ಒಂದು ದಿನ ಅಂಗಡಿಯಲ್ಲಿ ತೋರಿಸಲು ಇಟ್ಟಿದ್ದ ಹೊಸ ಮಾಡೆಲಿನ ಡೆಮೊ ಪೀಸನ್ನೇ ಹೊತ್ತು ತಂದ.

"ಒಂದು ವಾರ ಇಟ್ಕೊಳ್ಳಿ ಭಾವ. ಓಡಿಸಿ ನೋಡಿ. ಭಾನುವಾರದೊಳಗೆ ಹೂಂ ಅಂದ್ರೆ ನಿಮ್ಮ ಹಳೇದನ್ನ ಎಕ್ಸ್‌ಚೇಂಜಿಗೆ ತಗೋತೀವಿ."

"ಹಳೇದಾ? ಹೋದ ವರ್ಷ ನೀನೇ ಕಣೋ ಕೊಡ್ಸಿದ್ದು! ಇನ್ನು ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ ಅಂದಿದ್ದೆ."

"ಹೋದ ವರ್ಷ ಅಂದ್ರೆ ಹೋದ ವರ್ಷ ಭಾವ," ಎಂದ ಅವನು, ದೊಡ್ಡ ಸತ್ಯ ಹೇಳಿದವನಂತೆ.

ಕರ್ಟನ್ನಿನ ಆಚೆ ಮೆಷಿನ್ನು ನಿಂತಿತು. "ಲೋ, ನಿಮ್ಮ ಭಾವನಿಗೆ ಯಾಕೋ ಆಸೆ ಹುಟ್ಟಿಸ್ತೀಯ? ಅವರಿಗೆ ತಾನಾಗೇ ಹುಟ್ಟುತ್ತೆ," ಎಂದಳು ಅಕ್ಕ. ಮೆಷಿನ್ನು ಮತ್ತೆ ಓಡಿತು.

ಆ ವಾರ ಪ್ಲಾನಪ್ಪನ ಪಾಲಿಗೆ ಸ್ವರ್ಗ. ಹಲ್ಲಿನ ಡಾಕ್ಟರು ಹೆಂಡತಿಯ ಜೊತೆ ಬಂದರು. ಬಟನ್ ಒತ್ತಿದ್ದೇ ತಡ, ಮನೆ ಸ್ಕ್ರೀನಿನ ಮೇಲೆ ಎದ್ದು ನಿಂತಿತು. ಇಬ್ಬರೂ ಬಾಯಿ ತೆರೆದರು. ದಿನವಿಡೀ ಬೇರೆಯವರ ಬಾಯಿ ತೆರೆಸುವ ಡಾಕ್ಟರು ತಾವೇ ತೆರೆದದ್ದು ನೋಡಿ ಇವನಿಗೆ ಇನ್ನಷ್ಟು ಹೆಮ್ಮೆ. "ಚೆನ್ನಾಗಿದೆ," ಎಂದರು ಡಾಕ್ಟರು. "ಚೆನ್ನಾಗಿದೆ," ಎಂದರು ಅವರ ಹೆಂಡತಿ. ಕಾಫಿ ಬರುವುದರೊಳಗೆ ಎದ್ದು ಹೋದರು. ಚಪ್ಪಲಿ ಅಂಗಡಿಯ ಯಜಮಾನ ದಂಪತಿಯೂ ಅಷ್ಟೇ. ಒಬ್ಬರೂ ಅಳಲಿಲ್ಲ, ಯಾರೂ ಹಾಡಲಿಲ್ಲ.

"ನೋಡಿದ್ಯಾ?" ಎಂದ ಹೆಂಡತಿಗೆ. "ಜಗಳಕ್ಕೆಲ್ಲ ಕಾರಣ ಆ ಹಳೇ ಡಬ್ಬಾನೇ."

ಇಷ್ಟು ಬೇಗ ಅದು ಡಬ್ಬವಾಗಿತ್ತು.

ಶನಿವಾರ ಡಾಕ್ಟರ ಹೆಂಡತಿ ಫೋನ್ ಮಾಡಿದರು. ಮನೆಗೆ ಹೋದ ಮೇಲೆ ಯೋಚನೆ ಬಂತು, ಅಡುಗೆಮನೆ ಕತ್ತಲಾಗುತ್ತದೆ, ತಿರುಗಿಸಿಬಿಡಿ, ಇವರಿಗೆ ಹೇಳಬೇಡಿ. ಮಧ್ಯಾಹ್ನ ಡಾಕ್ಟರು ಫೋನ್ ಮಾಡಿದರು. ಅವಳೇನಾದರೂ ಅಡುಗೆಮನೆ ತಿರುಗಿಸಿ ಅಂದರೆ ಆಗಲಿ ಅನ್ನಿ, ತಿರುಗಿಸಬೇಡಿ. ಚಪ್ಪಲಿ ಅಂಗಡಿಯವರು ಮಾತ್ರ ಒಟ್ಟಿಗೇ ಫೋನ್ ಮಾಡಿದರು, ಆದರೆ ಜಗಳವಾಡುತ್ತಲೇ ಮಾಡಿದ್ದರಿಂದ ಒಂದು ಅಕ್ಷರವೂ ತಿಳಿಯಲಿಲ್ಲ. ಎದುರು ಕೂತು ಬಾಯಿಬಿಟ್ಟು ಆಡುತ್ತಿದ್ದ ಜಗಳಗಳು ಈಗ ಗುಟ್ಟಾಗಿ, ಬಿಡಿಬಿಡಿಯಾಗಿ ಅವನ ಕಿವಿಗೇ ಬಂದು ಬೀಳುತ್ತಿದ್ದವು. ಜನರಿಗೆ ಸ್ಥಿರಬುದ್ಧಿ ಇಲ್ಲ ಎಂದು ಗೊಣಗಿಕೊಂಡ ಪ್ಲಾನಪ್ಪ. ಇಷ್ಟಾದರೂ ತಲೆಗೆ ಹೊಳೆಯದವನಿಗೆ ಏನು ಹೇಳುವುದು!

ಭಾನುವಾರ ಬೆಳಿಗ್ಗೆ ಹೊಸ ಮಾಡೆಲನ್ನು ಮೇಜಿನ ಮಧ್ಯಕ್ಕಿಟ್ಟು, ತಲೆ ಬಾಚಿಕೊಂಡು, ಹೆಂಡತಿಯನ್ನು ಕರೆದ. ಅವಳು ಯಾರದೋ ಪ್ಯಾಂಟನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದಳು.

"ಕಣ್ಣು ಮುಚ್ಕೋ."

"ಸೂಜಿ ಇದೆ ರೀ ಕೈಯಲ್ಲಿ. ತೋರಿಸಿ ಬೇಗ."

ಬಟನ್ ಒತ್ತಿದ. ಅವರ ಮನೆ ಥಟ್ಟನೆ ಎದ್ದಿತು. ಬೀದಿಗೆ ಗಾಜಿನ ದೊಡ್ಡ ಬಾಗಿಲು, ಅದರ ಮೇಲೆ ಮಹಡಿ, ಗೋಡೆಗೆ ತಿಳಿಹಳದಿ. ಅವಳು ಒಂದು ಗಳಿಗೆ ನೋಡಿದಳು.

"ಚೆನ್ನಾಗಿದೆ ರೀ," ಎಂದಳು. ವಾಪಸು ಹೋದಳು. ಮೆಷಿನ್ನು ಓಡಿತು.

ಪ್ಲಾನಪ್ಪ ಕೂತೇ ಇದ್ದ. ಆ ಚೆನ್ನಾಗಿದೆ ಅವನಿಗೆ ಚೆನ್ನಾಗಿಯೇ ಗೊತ್ತು. ಅವನು ಮೊದಲ ಸಲ ಮೀಸೆಗೆ ಬಣ್ಣ ಹಾಕಿಕೊಂಡಾಗ ಅವಳು ಹೇಳಿದ್ದು ಅದನ್ನೇ. ಬೀದಿಯವರೆಲ್ಲ ಅಂದು ನಕ್ಕಿದ್ದರು. ಪಕ್ಕದ ಮನೆಯವರ ನೇರಳೆ ಸೋಫಾ ನೋಡಿ ಹೇಳಿದ್ದೂ ಅದನ್ನೇ. ಹಲ್ಲಿನ ಡಾಕ್ಟರ ಹೆಂಡತಿ ಮೊನ್ನೆ ಹೇಳಿ ಹೋದದ್ದೂ ಇದೇ ದನಿಯಲ್ಲಿ. ಈಗ, ಕೊನೆಗೂ, ದೇವರ ದಯೆಯಿಂದ, ಅವನ ಮಂಡೆಯೊಳಗೆ ಏನೋ ಕದಲಿತು. ಹೆದರಿಕೆಯಾಯಿತು. ಸುಮ್ಮನಿದ್ದುಬಿಡಬಹುದಿತ್ತು. ಅವಳು ಹೂಂ ಅಂದಾಗಿದೆ, ನಾಳೆ ಕಂಟ್ರಾಕ್ಟರಿಗೆ ಕೊಟ್ಟರಾಯಿತು, ಭಾವಮೈದನಿಗೂ ಹೂಂ ಅಂದರಾಯಿತು. ಫೋನ್ ಕೈಗೆತ್ತಿಕೊಂಡ ಕೂಡ. ಆದರೆ ಆ ತಿಳಿಹಳದಿ ಗೋಡೆಯೊಳಗೆ ಅವಳು ಸಾಯುವವರೆಗೂ ಅದೇ ದನಿಯಲ್ಲಿ ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತ ಓಡಾಡುವುದನ್ನು ನೆನೆದು ಫೋನನ್ನು ಮೇಜಿನ ಮೇಲೆ ವಾಪಸಿಟ್ಟ.

ಡೆಮೊ ಪೀಸನ್ನು ಪಕ್ಕಕ್ಕೆ ಸರಿಸಿ ಡಬ್ಬವನ್ನು ಎಳೆದುಕೊಂಡ. ಪ್ಲಾನನ್ನು ಅದಕ್ಕೆ ಹಾಕಿಕೊಂಡ.

"ಏನೇ, ಇಲ್ಲಿ ಬಾ. ಹೊಸದರಲ್ಲಿ ಬಣ್ಣ ಸರಿಯಾಗಿ ಬರ್ತಿಲ್ಲ. ಇದರಲ್ಲಿ ನೋಡೋಣ," ಎಂದು ಹಸಿ ಸುಳ್ಳು ಹೇಳಿದ. "ಆ ಪ್ಯಾಂಟು ಅಲ್ಲೇ ಇಟ್ಟು ಬಾ."

ಅವಳು ಬಂದು ಎದುರು ಕೂತಳು. ಫ್ಯಾನು ಗೊರಕೆ ಶುರುಮಾಡಿತು. ಮೊದಲು ಅವಳು ಉಗುರಿಗೆ ಅಂಟಿದ ದಾರ ತೆಗೆದಳು. ಆಮೇಲೆ ಕ್ಯಾಲೆಂಡರ್ ನೋಡಿದಳು. ಬೇರೇನೂ ಉಳಿಯಲಿಲ್ಲ.

"ಎಷ್ಟು ಹೊತ್ತು ರೀ ಇದು?"

"ಆಗುತ್ತೆ."

"ಆ ಗಾಜಿನ ಬಾಗಿಲು ಯಾರಿಗೆ?"

"ಕಚೇರಿಗೆ. ಬೀದಿಯಿಂದ ಸೀದಾ ಬರೋ ಹಾಗೆ."

"ನಿಮ್ಮ ಕಚೇರಿ."

"ಹೂಂ."

"ನನ್ನ ಮೆಷಿನ್ನು?"

"ಮಹಡಿ ಮೇಲೆ, ಹಿಂದಿನ ಕೋಣೆ. ನಿನಗೇ ಅಂತ ದೊಡ್ಡದಾಗಿ ಬರ್ದಿದೀನಿ. ಗಲಾಟೆ ಇಲ್ಲ, ಧೂಳಿಲ್ಲ. ಶಾಂತವಾಗಿ ಕೆಲಸ ಮಾಡ್ಬಹುದು."

ಅವಳು ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆ ಸರಿಸಿದಳು.

"ನಾನ್ಯಾವಾಗ ಶಾಂತಿ ಕೇಳಿದೆ?" ಎಂದಳು ಅವಳು. "ಪ್ಯಾಂಟು ಹರ್ಕೊಂಡೋನು ಹಿಂದೆ ಕೈ ಹಿಡ್ಕೊಂಡು ಮಹಡಿ ಹತ್ತಿ ಬರ್ತಾನಾ? ಬೀದೀಲಿ ಹೋಗೋರು ನನ್ನನ್ನ ಕಿಟಕೀಲಿ ನೋಡಿ ನಿಲ್ತಾರೆ. ನಿಂತವರು ಒಂದು ಮಾತಾಡ್ತಾರೆ. ನಾನು ಬದುಕಿರೋದೇ ಆ ಕಿಟಕೀಲಿ. ನೀವು ನನ್ನನ್ನ ತಗೊಂಡು ಹೋಗಿ ಅಟ್ಟದ ಮೇಲೆ ಇಟ್ಟಿದೀರ."

"ಅಟ್ಟ ಅಲ್ವೇ, ಅದು ದೊಡ್ಡ..."

"ದೊಡ್ಡ ಅಟ್ಟ."

ಪ್ಲಾನಪ್ಪನಿಗೆ ಕೋಪ ಬಂತು. ಒಳ್ಳೆಯದು ಮಾಡಲು ಹೋದವನಿಗೆ ಬರುವ ಕೋಪ, ಎಲ್ಲಕ್ಕಿಂತ ಕೆಟ್ಟದ್ದು. "ಹಾಗಿದ್ರೆ ಚೆನ್ನಾಗಿದೆ ಅಂತ ಯಾಕಂದೆ?"

"ಮತ್ತೇನನ್ಲಿ? ಕಟ್ಟಿ, ಬಣ್ಣ ಬಳಿದು, ಮುಂದೆ ಕಾರು ನಿಲ್ಸಿ ತೋರಿಸಿದ್ರಿ. ಮುಗಿದ ಮನೆ. ಅದಕ್ಕೆ ಚೆನ್ನಾಗಿದೆ ಅನ್ನೋದು ಬಿಟ್ಟು ಬೇರೇನಾದ್ರೂ ಹೇಳೋಕೆ ಜಾಗ ಎಲ್ಲಿತ್ತು?"

ಫೋನ್ ಬಡಿದುಕೊಂಡಿತು. ಭಾವಮೈದ.

"ಭಾವ, ಇವತ್ತಿಗೆ ಮುಗೀತು ಆಫರ್ರು. ಏನ್ಮಾಡ್ಲಿ?"

"ಬಂದು ತಗೊಂಡು ಹೋಗು."

"ಯಾವುದನ್ನ?"

"ನಿಂದನ್ನ."

"ಅಯ್ಯೋ ಭಾವ, ನಿಮ್ಮದು ಸ್ಲೋ!"

"ಹೌದು ಕಣೋ," ಎಂದು ಫೋನ್ ಕೆಳಗಿಟ್ಟ.

ಅವಳಿಗೆ ಹೇಳಬೇಕಾದ ಮಾತು ಇನ್ನೊಂದಿತ್ತು. ಈಗ ದನಿ ತಗ್ಗಿಸಿ ಹೇಳಿದಳು. "ಈ ಕರ್ಟನ್ನಿನ ಆಚೆ ಕೂತು ಎಲ್ಲ ಕೇಳಿಸ್ಕೊಂಡಿದೀನಿ ರೀ. ಬಂದವರ ಗಂಡಂದಿರು ಎಷ್ಟೇ ಬಡ್ಕೊಳ್ಳಲಿ, ಕೊನೆಗೆ ನೀವು ಆ ಹೆಂಗಸಿನ ಕಡೆ ತಿರುಗಿ, ಮೇಡಂ, ನಿಮಗೇನು ಬೇಕು ಹೇಳಿ ಅಂತ ಕೇಳೇ ಕೇಳ್ತೀರ. ಅದನ್ನ ಕೇಳಿದಾಗೆಲ್ಲ ನನಗೆ ನಿಮ್ಮ ಮೇಲೆ ಹೆಮ್ಮೆ. ನಮ್ಮನೇ ಸರದಿ ಬಂದಾಗ ನನ್ನನ್ನೂ ಹಾಗೇ ಕೂರಿಸಿ ಕೇಳ್ತಾರೆ ಅಂತ ಕಾಯ್ತಾ ಇದ್ದೆ. ಏನೇನು ಹೇಳ್ಬೇಕು ಅಂತ ಮನಸ್ಸಲ್ಲೇ ಜೋಡಿಸಿ ಇಟ್ಕೊಂಡಿದ್ದೆ. ನೀವು ಕೇಳ್ಲೇ ಇಲ್ಲ."

ಪ್ಲಾನಪ್ಪನಿಗೆ ನಾಚಿಕೆಯಾಯಿತು. "ಬೆರಗಾಗಿಸೋಣ ಅಂತ..." ಎಂದು ಶುರುಮಾಡಿದವನು ಅರ್ಧಕ್ಕೇ ನುಂಗಿಕೊಂಡ. ಸ್ಕ್ರೀನಿನ ಮೇಲೆ ಮನೆ ಪೂರ್ತಿಯಾಗಿ ಬಂದು ನಿಂತಿತು. ಅವನು ಆ ಚಿತ್ರ ಮುಚ್ಚಿ, ಪ್ಲಾನಿನ ಒಳಗಿನ ಗೆರೆಗಳನ್ನೆಲ್ಲ ಅಳಿಸಿದ. ಖಾಲಿ ಸೈಟು ಉಳಿಯಿತು, ನಾಲ್ಕು ಗೆರೆ.

"ಹೋಗ್ಲಿ ಬಿಡು. ಈಗ ಕೇಳ್ತೀನಿ," ಎಂದ. "ನಿನಗೇನು ಬೇಕು ಹೇಳು."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ನೆಟ್ಟಗೆ ಕೂತಳು. ಕರ್ಟನ್ನಿನ ಈಚೆ ಕೂರುವ ಹೆಂಗಸರು ಹೇಗೆ ಕೂರುತ್ತಾರೋ ಹಾಗೆ.

"ಮೇಡಂ ಅನ್ನಿ ಮೊದ್ಲು."

ಪ್ಲಾನಪ್ಪ ಒಮ್ಮೆ ಬಾಗಿಲ ಕಡೆ ನೋಡಿದ, ಯಾರೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡ.

"ಮೇಡಂ," ಎಂದ. "ನಿಮಗೇನು ಬೇಕು ಹೇಳಿ."

ಮೇಡಂ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಒಂದೊಂದಾಗಿ ಹೇಳತೊಡಗಿದರು.