ದವಾಖಾನೆಗೆ ಹೊತ್ತಿಗೆ ಮುಟ್ಟುವ ದಾರಿ

ಹುಬ್ಬಳ್ಳಿಯಿಂದ ವಿಜಯಪುರದ ಬಸ್ಸು ಹತ್ತಿದ್ದು ಫೆಬ್ರವರಿ ಕೊನೆಯ ಒಂದು ಬೆಳಿಗ್ಗೆ. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾದ ಕಾಲವಿದು, ಹಾಗಾಗಿ ಬಸ್ಸಿನ ತುಂಬ ಹೆಂಗಸರೇ ಇದ್ದರು. ಕಿಟಕಿಯ ಪಕ್ಕ ಸೀಟು ಸಿಕ್ಕಿದ್ದು ನನ್ನ ಪುಣ್ಯ. ನರಗುಂದ ದಾಟಿದ ಮೇಲೆ ಎರಡೂ ಕಡೆ ಬಿಳಿಜೋಳ ಕೊಯ್ಲಿಗೆ ಬಂದಿತ್ತು. ಕೊಲ್ಹಾರದಲ್ಲಿ ಬಸ್ಸು ನಿಂತಾಗ ಗಡಿಗೆ ಮೊಸರು ಮಾರುವವರು ಕಿಟಕಿಗೆ ಬಂದರು. ಚಾಕುವಿನಲ್ಲಿ ಕೊಯ್ಯಬೇಕು ಅನ್ನುವಷ್ಟು ಗಟ್ಟಿ ಮೊಸರು. ಒಂದು ದೊನ್ನೆ ತಿಂದೆ. ಊರು ಮುಟ್ಟುವವರೆಗೆ ಹಸಿವಿನ ಮಾತೇ ಇರಲಿಲ್ಲ.

ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ಕಾಲೇಜಿನ ಮೂವರು ಸೇರಿ ಒಂದು ಅಧ್ಯಯನ ಕೈಗೆತ್ತಿಕೊಂಡಿದ್ದೆವು. ಸೈನ್ಯದಿಂದ ನಿವೃತ್ತರಾಗಿ ಊರಿಗೆ ಮರಳಿದವರಿಗೆ ಚಿಕಿತ್ಸೆಯ ಹಕ್ಕಿದೆ, ಅವರಿಗೆಂದೇ ದವಾಖಾನೆಯಿದೆ, ಕಾರ್ಡೂ ಇದೆ. ಆದರೂ ಹಳ್ಳಿಯ ಮಾಜಿ ಸೈನಿಕರು ವೈದ್ಯರ ಮುಂದೆ ಬಂದು ಕೂಡುವ ಹೊತ್ತಿಗೆ ಬೇನೆ ಬಲಿತಿರುತ್ತದೆ. ಆ ತಡ ಎಲ್ಲಿ ಆಗುತ್ತದೆ, ಮನೆಯಲ್ಲೋ, ದಾರಿಯಲ್ಲೋ, ದವಾಖಾನೆಯ ಬಾಗಿಲಲ್ಲೋ ಎಂಬುದನ್ನು ಅವರ ಬಾಯಿಂದಲೇ ಕೇಳಿ ತಿಳಿಯಬೇಕಿತ್ತು. ವಿಜಯಪುರದ ಕಡೆಯ ಊರುಗಳು ನನ್ನ ಪಾಲಿಗೆ ಬಂದಿದ್ದವು.

ಬಸ್ ನಿಲ್ದಾಣದಲ್ಲಿ ಇಮಾಮಸಾಬರು ಕಾಯುತ್ತಿದ್ದರು. ಸುಬೇದಾರರಾಗಿ ನಿವೃತ್ತರಾದವರು, ಅರವತ್ತು ದಾಟಿದೆ, ನಡಿಗೆ ಇನ್ನೂ ನೆಟ್ಟಗೆ. ಸುತ್ತಲಿನ ಹಳ್ಳಿಗಳ ಮಾಜಿ ಸೈನಿಕರಿಗೆ ಏನೇ ತೊಡಕಾದರೂ ಮೊದಲು ಫೋನು ಬರುವುದು ಇವರಿಗೆ. ನನ್ನನ್ನು ಊರೂರಿಗೆ ಕರೆದೊಯ್ಯುವುದಾಗಿ ಒಪ್ಪಿಕೊಂಡಿದ್ದರು.

"ಮೊದಲ ಸೂಸಲಾ ತಿನ್ರಿ ಅಕ್ಕಾರ, ಆಮ್ಯಾಲ ಕೆಲಸ," ಎಂದು ನಿಲ್ದಾಣದ ಎದುರಿನ ಹೋಟೆಲ್ಲಿಗೆ ಕರೆದೊಯ್ದರು. ಮೊಸರು ತಿಂದಿದ್ದೇನೆ ಎಂದರೆ ಕೇಳಲಿಲ್ಲ. ಮಿರ್ಚಿಯ ಜೊತೆ ಬಿಸಿ ಸೂಸಲಾ, ಅಂದರೆ ನೆನೆಸಿ ಒಗ್ಗರಣೆ ಹಾಕಿದ ಮಂಡಕ್ಕಿ, ಬಂತು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ತಟ್ಟೆ ಖಾಲಿ ಮಾಡಿದೆ.

ಮಧ್ಯಾಹ್ನ ಮಾಜಿ ಸೈನಿಕರ ದವಾಖಾನೆಯಲ್ಲಿ ಕಳೆಯಿತು. ಬೆಂಚುಗಳ ಮೇಲೆ ವಯಸ್ಸಾದವರು, ಅವರ ಪಕ್ಕದಲ್ಲಿ ಸೆರಗು ಹೊದ್ದ ಹೆಂಡಂದಿರು. ಇಂಡಿ ತಾಲೂಕಿನವರೊಬ್ಬರು ಬೆಳಿಗ್ಗೆ ಹೊತ್ತಿಗೆ ಮುಟ್ಟಬೇಕೆಂದು ಹಿಂದಿನ ದಿನವೇ ಬಂದು ಬೀಗರ ಮನೆಯಲ್ಲಿ ಮಲಗಿದ್ದರು. ಇಲ್ಲಿ ತೋರಿಸಿ, ಚೀಟಿ ಬರೆಸಿಕೊಂಡು, ಆಮೇಲೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹಳ್ಳಿಯವರಿಗೆ ಅದು ಎರಡು ದಿನದ ಕೆಲಸ. "ಎರಡ ದಿನ ಹೊಲ ಬಿಡೂದಕ್ಕಿಂತ ಬ್ಯಾನಿ ತಡಕೊಳ್ಳೂದು ಹಗುರ ಅನ್ನಸ್ತೈತ್ರಿ," ಎಂದರು ಅವರು. ಅವರ ಮಾತಿನಲ್ಲಿ ದೂರು ಇರಲಿಲ್ಲ, ಇದ್ದದ್ದನ್ನು ಹೇಳಿದರು ಅಷ್ಟೆ.

ಅಲ್ಲಿಯ ವೈದ್ಯೆ ಚಿಕ್ಕ ವಯಸ್ಸಿನವರು. ಸಾಲು ಮುಗಿದ ಮೇಲೆ ನನ್ನನ್ನು ಕೂರಿಸಿಕೊಂಡು ಮಾತಾಡಿದರು. "ತುರ್ತು ಇದ್ದಾಗ ಚೀಟಿಗಾಗಿ ಇಲ್ಲಿಗೆ ಬರೂದು ಬ್ಯಾಡ್ರಿ. ನೇರ ಆಸ್ಪತ್ರೆಗೆ ಹೋಗಬೇಕು, ಆಮ್ಯಾಲ ನಮಗ ತಿಳಿಸಿದ್ರ ನಡೀತದ. ಇದನ್ನ ಎಷ್ಟ ಸಲ ಹೇಳಿದ್ರೂ ಹಳ್ಳಿಗೆ ಮುಟ್ಟವಲ್ದು. ನೀವು ಹೋದಲ್ಲೆಲ್ಲ ಒಂದು ಮಾತು ಹೇಳ್ರಿ," ಎಂದು ತಮ್ಮ ಫೋನ್ ನಂಬರನ್ನು ಕೊಟ್ಟರು. ಆ ನಂಬರು ಮರುದಿನವೇ ಬೇಕಾಗುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಎರಡನೆಯ ದಿನ ತಿಕೋಟಾ. ವಿಜಯಪುರದಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಇಮಾಮಸಾಬರ ಟಿಕೆಟ್ಟನ್ನು ನಾನು ತೆಗೆಸಲು ಹೋದರೆ ಕಂಡಕ್ಟರನಿಗೆ ಕಣ್ಣಲ್ಲೇ ಬೇಡವೆಂದರು. ತಿಕೋಟಾದಲ್ಲಿ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ನಾಲ್ಕೈದು ಜನ ಮಾಜಿ ಸೈನಿಕರು ಸೇರಿದ್ದರು. ನಾನು ಆರೋಗ್ಯ ಕೇಳಿದರೆ ಅವರು ಹಿಮದ ಕಥೆ ಹೇಳಿದರು, ಮಂಡಿನೋವು ಕೇಳಿದರೆ ಮರುಭೂಮಿಯ ಕಥೆ ಹೇಳಿದರು. ಎಲ್ಲರೂ ಆರಾಮ, ಯಾರಿಗೂ ಏನೂ ಆಗಿಲ್ಲ. ಹೊರಡುವಾಗ ಇಮಾಮಸಾಬರು ನಕ್ಕರು. "ನಾವು ಹಿಂಗರಿ. ಬ್ಯಾನಿ ಅಂದವನ್ನ ಪಲ್ಟನ್ನಿನೊಳಗ ನಗತಿದ್ರು. ಆ ಅಂಜಿಕಿ ಇನ್ನೂ ಹೋಗಿಲ್ಲ."

ಅಲ್ಲಿಂದ ಬಿಜ್ಜರಗಿಗೆ ಟಂಟಂ ಆಟೋ ಸಿಕ್ಕಿತು. ಬಿಸಿಲು ಆಗಲೇ ಚುರುಕಾಗಿತ್ತು. ಒಣಭೂಮಿಯ ನಡುವೆ ಅಲ್ಲಲ್ಲಿ ದ್ರಾಕ್ಷಿ ತೋಟದ ಹಸಿರು, ಅದರಾಚೆ ದ್ರಾಕ್ಷಿ ಒಣಗಿಸುವ ಉದ್ದುದ್ದ ಶೆಡ್ಡುಗಳು. ಕೊಯ್ಲಿನ ಕಾಲವಾದ್ದರಿಂದ ಇಡೀ ಊರೇ ತೋಟದಲ್ಲಿತ್ತು.

ನಾವು ಹೋದದ್ದು ಹವಾಲ್ದಾರ ಮಲ್ಲಪ್ಪನವರ ಮನೆಗೆ. ಅವರು ಇಮಾಮಸಾಬರ ಹಳೆಯ ಗೆಳೆಯರು. ಅಂಗಳದ ಬೇವಿನ ನೆರಳಲ್ಲಿ ಹೊರಸು ಹಾಕಿ ಕೂರಿಸಿದರು. ಅವರ ಹೆಂಡತಿ ಶಾಂತವ್ವ ಚಹಾ ತಂದರು.

"ಆರಾಮ ಅದೀರೇನ್ರಿ?" ಎಂದು ಕೇಳಿದೆ.

"ಏಕದಂ ಆರಾಮ," ಎಂದರು ಮಲ್ಲಪ್ಪ. ನಾಲಿಗೆ ಸ್ವಲ್ಪ ದಪ್ಪವಾದಂತೆ ಕೇಳಿಸಿತು. ತಂಬಾಕು ಇರಬಹುದು ಅಂದುಕೊಂಡೆ. ಆಮೇಲೆ ಕಪ್ಪಿನ ಕೆಳಗಿನ ಬಸಿ ಅವರ ಎಡಗೈಯಿಂದ ಜಾರಿ ಧೋತರದ ಮೇಲೆ ಬಿತ್ತು. ಅವರು ಏನೂ ಆಗದವರಂತೆ ಕಪ್ಪನ್ನು ಬಲಗೈಯಲ್ಲಿ ಹಿಡಿದರು.

ನಾನು ಎದ್ದು ಅವರ ಮುಂದೆ ಕುಳಿತೆ. ಎರಡೂ ಕೈ ಮುಂದೆ ಚಾಚಿ ಕಣ್ಣು ಮುಚ್ಚಲು ಹೇಳಿದೆ. ಬಲಗೈ ನಿಂತಿತು, ಎಡಗೈ ಮೆಲ್ಲಗೆ ಕೆಳಗಿಳಿಯಿತು. ನಗಲು ಹೇಳಿದೆ. ಬಾಯಿಯ ಒಂದು ಅಂಚು ಮಾತ್ರ ಮೇಲೆದ್ದಿತು. ಚೀಲದಲ್ಲಿದ್ದ ಯಂತ್ರ ತೆಗೆದು ರಕ್ತದೊತ್ತಡ ನೋಡಿದೆ, ಬಹಳ ಏರಿತ್ತು. ತರಗತಿಯಲ್ಲಿ ವರ್ಷಗಟ್ಟಲೆ ಹೇಳಿಕೊಟ್ಟ ಲಕ್ಷಣಗಳೆಲ್ಲ ಕಣ್ಣೆದುರಿಗೇ ಇದ್ದವು. ಪಾರ್ಶ್ವವಾಯು.

"ಯಾವಾಗಿಂದ ಹಿಂಗಾಗ್ಯದರಿ?"

"ಕೈಗೆ ಜೋಮು ಹಿಡದೈತಿ ಅಷ್ಟ," ಎಂದರು ಮಲ್ಲಪ್ಪ.

ಉತ್ತರ ಕೊಟ್ಟವರು ಶಾಂತವ್ವ. "ಮುಂಜಾನಿ ಆಕಳ ಹಾಲ ಹಿಂಡಿ ಬಂದಾಗ ಆರಾಮ ಇದ್ರು. ನೀವು ಬರೂದಕ್ಕ ಸ್ವಲ್ಪ ಮೊದಲ ಅಂಗಿ ಗುಂಡಿ ಹಾಕ್ಕೊಳ್ಳಾಕ ಬರವಲ್ದಾತು. ನಾನ ಹಾಕಿದ್ನಿ."

ಅಂದರೆ ಇನ್ನೂ ಹೊತ್ತಿತ್ತು. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು, ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ವಿಷಯ ಬಿಡಿಸಿ ಹೇಳಿದೆ. ಮಲ್ಲಪ್ಪ ತಲೆ ಅಲ್ಲಾಡಿಸಿದರು. "ಬಂದ ಮಂದಿ ಮೊದಲ ಉಂಡ ಹೋಗ್ರಿ. ನಾಳಿ ಹೋಗಿ ಚೀಟಿ ಬರಸ್ಕೊಂಡ ಬರ್ತೀನಿ."

"ಚೀಟಿ ಬ್ಯಾಡ್ರಿ, ನೇರ ಹೋಗಬೇಕು," ಎಂದೆ. ಅವರು ಒಪ್ಪಲಿಲ್ಲ. ಚೀಟಿ ಇಲ್ಲದೆ ಹೋದರೆ ಒಳಗೆ ಬಿಡುವುದಿಲ್ಲ, ಸುಮ್ಮನೆ ಅವಮಾನ ಎಂಬುದು ಅವರ ವಾದ. ಇಮಾಮಸಾಬರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಶಾಂತವ್ವ ಗಂಡನ ಮುಂದೆ ಬಂದು ನಿಂತರು. ದನಿ ಏರಿಸಲಿಲ್ಲ.

"ಇಪ್ಪತ್ತನಾಕ ವರ್ಷ ನಿಮ್ಮ ಸಾಹೇಬ್ರು ಹೇಳಿದ್ದ ಕೇಳೀರಿ. ಹೋಗಂದಲ್ಲಿ ಹೋಗೀರಿ, ಬಾ ಅಂದಾಗ ಬಂದೀರಿ. ಇವತ್ತೊಂದ ದಿನ ನಾ ಹೇಳಿದ್ದ ಕೇಳ್ರಿ. ಏಳ್ರಿ."

ಮಲ್ಲಪ್ಪ ಹೆಂಡತಿಯ ಮುಖ ನೋಡಿದರು. ಆಮೇಲೆ ಏಳಲು ಹೋದರು. ಎಡಗಾಲು ಏಳಲಿಲ್ಲ. ಆಗ ಅವರ ಕಣ್ಣಲ್ಲಿ ಮೊದಲ ಸಲ ಹೆದರಿಕೆ ಕಂಡೆ.

ಆಂಬುಲೆನ್ಸಿಗೆ ಫೋನು ಮಾಡಿದರೆ ಅದು ಬೇರೊಬ್ಬ ರೋಗಿಯನ್ನು ಕರೆದೊಯ್ಯುತ್ತಿತ್ತು, ಬರಲು ಹೊತ್ತು ಹಿಡಿಯುತ್ತಿತ್ತು. ಇಮಾಮಸಾಬರು ರಸ್ತೆಗೆ ಓಡಿದರು. ಪಕ್ಕದ ಮನೆಯ ರೇವಣಸಿದ್ಧ ದ್ರಾಕ್ಷಿಯ ಕ್ರೇಟು ತುಂಬಿದ ಪಿಕಪ್ ಗಾಡಿಯನ್ನು ಶೆಡ್ಡಿಗೆ ಒಯ್ಯುತ್ತಿದ್ದ. ವಿಷಯ ಕೇಳಿದವನೇ ಗಾಡಿ ನಿಲ್ಲಿಸಿ ಕ್ರೇಟುಗಳನ್ನು ರಸ್ತೆಯ ಬದಿಗೆ ಇಳಿಸತೊಡಗಿದ. ಬಿಸಿಲಿಗೆ ಹಣ್ಣು ಕೆಡುತ್ತದಲ್ಲ ಎಂದೆ.

"ದ್ರಾಕ್ಷಿ ಮುಂದಿನ ವರ್ಷಾನೂ ಬರ್ತಾವ್ರಿ. ಮೊದಲ ಕಾಕಾನ್ನ ಏರಸ್ರಿ," ಎಂದ.

ಹೊರಸಿನ ಮೇಲಿನ ಹಾಸಿಗೆಯನ್ನೇ ಗಾಡಿಯಲ್ಲಿ ಹಾಸಿ ಮಲ್ಲಪ್ಪನವರನ್ನು ಮಲಗಿಸಿದೆವು. ಒಂದು ಕಡೆ ಶಾಂತವ್ವ, ಒಂದು ಕಡೆ ನಾನು. ಶಾಂತವ್ವ ನೀರು ಕುಡಿಸಲು ತಂಬಿಗೆ ಎತ್ತಿದಾಗ ತಡೆದೆ, ನುಂಗುವುದು ಕಷ್ಟವಾಗಿ ಶ್ವಾಸಕ್ಕೆ ಹೋದೀತೆಂದು. ಅವರು ತಂಬಿಗೆ ಕೆಳಗಿಟ್ಟು, ಸೆರಗಿನಿಂದ ಗಂಡನ ಮುಖಕ್ಕೆ ನೆರಳು ಹಿಡಿದರು. ಮುಂದೆ ಕುಳಿತ ಇಮಾಮಸಾಬರು ನನ್ನಿಂದ ನಂಬರು ಪಡೆದು ದವಾಖಾನೆಯ ವೈದ್ಯೆಗೆ ಫೋನು ಮಾಡಿದ್ದರು. ಗಾಡಿಯ ಸದ್ದಿನಲ್ಲೂ ಅವರ ಜೋರು ಮಾತು ನನಗೂ ಕೇಳುತ್ತಿತ್ತು. ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ತಾವೇ ಹೇಳಿಡುವುದಾಗಿ ವೈದ್ಯೆ ಮಾತು ಕೊಟ್ಟಿದ್ದರು. ತಿಕೋಟಾ ಹತ್ತಿರ ಕುರಿಹಿಂಡು ರಸ್ತೆ ತುಂಬಿತ್ತು. ರೇವಣಸಿದ್ಧ ಹಾರ್ನ್ ಒತ್ತುವ ಮೊದಲೇ ಕುರಿಯವರು ಗಾಡಿಯೊಳಗೆ ಇಣುಕಿ ನೋಡಿ, ತಾವೇ ಕುರಿಗಳನ್ನು ಹೊಲಕ್ಕೆ ಇಳಿಸಿ ದಾರಿ ಬಿಟ್ಟರು.

ಆಸ್ಪತ್ರೆಯ ಬಾಗಿಲಲ್ಲಿ ಗಾಲಿಮಂಚ ಕಾಯುತ್ತಿತ್ತು. ಯಾರೂ ಚೀಟಿ ಕೇಳಲಿಲ್ಲ. ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ, ಹೆಪ್ಪು ಕಟ್ಟಿತ್ತು. ಒತ್ತಡ ಇಳಿಸಿ ಇಂಜೆಕ್ಷನ್ ಕೊಟ್ಟರು. "ಹೊತ್ತಿಗೆ ಬಂದೀರಿ," ಎಂದಷ್ಟೇ ಹೇಳಿ ವೈದ್ಯರು ಒಳಗೆ ಹೋದರು. ನಾವು ಹೊರಗೆ ಕುಳಿತೆವು.

ಆಗ ನೋಡಿದೆ, ಶಾಂತವ್ವನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮನೆಯಿಂದ ಹಾಗೇ ಬಂದಿದ್ದರು. ಇಮಾಮಸಾಬರ ಹೆಂಡತಿ ಬೀಬಿಜಾನ್ ರೊಟ್ಟಿ, ಝುಣಕ, ಮೊಸರು ಕಟ್ಟಿಕೊಂಡು ಬಂದರು. ಬರಿಗಾಲನ್ನು ಕಂಡು ತಮ್ಮ ಚಪ್ಪಲಿ ಬಿಚ್ಚಿ ಶಾಂತವ್ವನ ಮುಂದೆ ಇಟ್ಟರು. "ನಂಗ ಮನಿ ಇಲ್ಲೇ ಐತಿ, ಹಾಕ್ಕೋರಿ." ಶಾಂತವ್ವ ಅಷ್ಟು ಹೊತ್ತು ಅತ್ತಿರಲಿಲ್ಲ, ಆಗ ಅತ್ತರು. ರೊಟ್ಟಿ ಮುರಿದು ಅವರ ಕೈಗೆ ಕೊಟ್ಟು ನಾವೂ ಉಂಡೆವು. ಹೊತ್ತು ಮುಳುಗುವ ಮೊದಲು ನರ್ಸ್ ಹೊರಗೆ ಬಂದು, ಮಲ್ಲಪ್ಪನವರ ಎಡಗೈ ಬೆರಳುಗಳು ಅಲುಗಾಡುತ್ತಿವೆ ಎಂದಳು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಯಾರಿಗೆ ಕೈಮುಗಿಯುವುದು, ಎಷ್ಟು ಜನರಿಗೆ ಮುಗಿಯುವುದು ತಿಳಿಯಲಿಲ್ಲ.

ಮೂರನೆಯ ದಿನ ಬಬಲೇಶ್ವರ. ನನಗೆ ಹೋಗುವ ಮನಸ್ಸಿರಲಿಲ್ಲ. "ಅಲ್ಲಿ ಮಂದಿ ಕಾಯಾಕತ್ತಾರ್ರಿ," ಎಂದರು ಇಮಾಮಸಾಬರು. ಆ ದಿನ ಸಂತೆ. ಬಸ್ಸಿನಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ನಿಂತುಕೊಂಡೇ ಹೋದೆವು. ನಿಲ್ದಾಣದ ಹತ್ತಿರದ ಸಮುದಾಯ ಭವನದಲ್ಲಿ ಸುತ್ತಲಿನ ಹಳ್ಳಿಗಳ ಮಾಜಿ ಸೈನಿಕರು ಸೇರಿದ್ದರು. ಸಂತೆಗೆಂದು ಬಂದ ಅವರ ಹೆಂಡಂದಿರು ಬುಟ್ಟಿ ಪಕ್ಕಕ್ಕಿಟ್ಟು ಹಿಂದೆ ಕುಳಿತಿದ್ದರು.

ನಾನು ಪ್ರಶ್ನೆ ಕೇಳುವ ಬದಲು ಹಿಂದಿನ ದಿನ ನಡೆದದ್ದನ್ನು ಹೇಳಿದೆ. ಕೈ ಚಾಚಿಸಿ ನೋಡುವುದು ಹೇಗೆ, ಬಾಯಿ ಸೊಟ್ಟಾದರೆ, ಮಾತು ತೊದಲಿದರೆ, ಎದೆ ಹಿಡಿದು ಬೆವತರೆ ಏನು ಮಾಡಬೇಕು, ತುರ್ತಿನಲ್ಲಿ ಚೀಟಿಗಾಗಿ ಅಲೆಯಬೇಕಿಲ್ಲ ಎಂಬುದನ್ನೂ ಹೇಳಿದೆ. ಹಿಂದಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. ಜೈನಾಪುರದ ಕಸ್ತೂರಿ, ಗಂಡ ಸೈನ್ಯದಲ್ಲಿ ಡ್ರೈವರ್ ಆಗಿದ್ದವರು.

"ಅಕ್ಕಾರ, ಇವರು ಏನಾದ್ರೂ ಬಾಯಿ ಬಿಡೂದಿಲ್ಲ. ನಾ ಹೇಳಿದ್ರ ನಡೀತೈತೇನ್ರಿ? ಕಾರ್ಡ ಅವರ ಹೆಸರಲೆ ಐತಿ."

"ನಡೀತದರಿ. ನೀವ ಫೋನ್ ಹಚ್ಚಬಹುದು, ನೀವ ಕರ್ಕೊಂಡ ಹೋಗಬಹುದು."

ಅವಳು ಮೊಬೈಲ್ ತೆಗೆದು ವೈದ್ಯೆಯ ನಂಬರು, ನನ್ನ ನಂಬರು ಎರಡನ್ನೂ ಕೇಳಿದಳು. ಅವಳ ಹಿಂದೆ ಉಳಿದ ಹೆಂಗಸರೂ ಬಂದರು. ನಮ್ಮ ಅಧ್ಯಯನದಲ್ಲಿ ನಾವು ಮಾತಾಡಿಸಬೇಕೆಂದಿದ್ದದ್ದು ಸೈನಿಕರನ್ನು ಮಾತ್ರ. ಅಂಗಿಯ ಗುಂಡಿ ಹಾಕಿಕೊಡುವವರನ್ನು ಕೇಳಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಅಧ್ಯಯನದಲ್ಲಿ ಜೊತೆಗಿದ್ದ ಹುಬ್ಬಳ್ಳಿಯ ಗೆಳತಿಯರಿಬ್ಬರಿಗೂ ಅಲ್ಲಿಂದಲೇ ಫೋನು ಮಾಡಿ, ಇನ್ನು ಮುಂದೆ ಮೊದಲ ಮಾತು ಮನೆಯವರ ಜೊತೆ ಎಂದು ಹೇಳಿದೆ. ಅವರೂ ಒಪ್ಪಿದರು.

ಸಂಜೆ ಆಸ್ಪತ್ರೆಗೆ ಹೋದಾಗ ಮಲ್ಲಪ್ಪ ದಿಂಬಿಗೆ ಒರಗಿ ಕುಳಿತಿದ್ದರು. ಎಡಗೈ ಇನ್ನೂ ಸೋತಿತ್ತು, ಮಾತು ತಿಳಿಯುತ್ತಿತ್ತು. "ರೇವಣಸಿದ್ಧನ ದ್ರಾಕ್ಷಿ ಏನಾದುವು?" ಎಂದು ಕೇಳಿದರು. ಓಣಿಯವರೆಲ್ಲ ಸೇರಿ ಹೊತ್ತು ಶೆಡ್ಡಿಗೆ ಮುಟ್ಟಿಸಿದರೆಂದು ಶಾಂತವ್ವ ಹೇಳಿದಾಗ ಅವರ ಮುಖ ಸಡಿಲವಾಯಿತು. ವ್ಯಾಯಾಮ ಬಿಡಬಾರದೆಂದು ಹೇಳಿ ಬೀಳ್ಕೊಂಡೆ.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ಬಸ್ಸು ಹತ್ತಿದೆ. ಕೃಷ್ಣೆಯ ಉದ್ದನೆಯ ಸೇತುವೆ ಕಾಣುವ ಹೊತ್ತಿಗೆ ಫೋನು ಬಂತು.

"ಅಕ್ಕಾರ, ನಾ ಕಸ್ತೂರಿ. ಇವರಿಗೆ ಎದಿ ಹಿಡದೈತಿ, ಬೆವರಾಕತ್ತಾರ. ಡಾಕ್ಟರ್ ಮೇಡಂ ಅವರಿಗೆ ಫೋನ್ ಹಚ್ಚಿದ್ನಿ, ಯಾವ ದವಾಖಾನಿ ಅಂತ ಹೇಳ್ಯಾರ. ಗಾಡ್ಯಾಗ ಕುಂದ್ರಿಸೇನಿ, ಹೊಂಟೇವಿ. ನೀವೊಂದ ಮಾತ ಹೇಳ್ರಿ ಇವರಿಗೆ."

ಫೋನು ಕೈ ಬದಲಾಯಿತು. ಗಂಡಸಿನ ದನಿ, ಏದುಸಿರು.

"ನಮಸ್ಕಾರ್ರಿ. ಏನೂ ಇಲ್ಲ ಅಂದ್ನಿ, ಆಕಿ ಕೇಳವಲ್ಲಳು."

"ಆಕಿ ಮಾತ ಕೇಳ್ರಿ," ಎಂದೆ.

"ಕೇಳೇನ್ರಿ. ಬಬಲೇಶ್ವರ ದಾಟೇವಿ."

ಬಸ್ಸು ಸೇತುವೆಯ ಮೇಲೆ ಬಂದಿತ್ತು, ಎರಡೂ ಕಡೆ ನೀರು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ವಿಜಯಪುರದ ಕಡೆಗೆ ತಿರುಗಿ ಕುಳಿತೆ. ನರಗುಂದ ಬರುವ ಮೊದಲೇ ಇಮಾಮಸಾಬರು ಸುದ್ದಿ ಕೊಟ್ಟರು: ಹೃದಯಾಘಾತವೇ ಆಗಿತ್ತು, ಚಿಕಿತ್ಸೆ ಹೊತ್ತಿಗೆ ಸಿಕ್ಕಿದೆ, ಜೀವಕ್ಕೆ ಅಪಾಯವಿಲ್ಲ, ಕಸ್ತೂರಿ ಆಸ್ಪತ್ರೆಯ ಬಾಗಿಲಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಾಳೆ.