ಹಿಂದಕ್ಕೂ ಹರಿಯುವ ಥೇಮ್ಸ್

ಮಗಳು ಆಗ ನಾಲ್ಕನೇ ಕ್ಲಾಸು. ನಾವು ಬರ್ ದುಬೈನಲ್ಲಿದ್ದೆವು. ಅಥವಾ ಕರಾಮಾಕ್ಕೆ ಮನೆ ಬದಲಿಸಿಯಾಗಿತ್ತೇ? ನೆನಪಿನಲ್ಲಿ ಎರಡೂ ಮನೆಗಳಿಗೆ ಒಂದೇ ಊಟದ ಮೇಜು. ಆ ಮೇಜಿನ ಮೇಲೆ ಥರ್ಮಾಕೋಲಿನ ಲಂಡನ್ ಇದ್ದದ್ದು ಮಾತ್ರ ಖಚಿತ.

ಈಗಿನ ಲಂಡನ್ ಅಲ್ಲ, ರೋಮನ್ನರ ಕಾಲದ್ದು. ಎರಡು ಸಣ್ಣ ಗುಡ್ಡ, ನಡುವೆ ಒಂದು ತೊರೆ, ಎದುರು ದಡದಲ್ಲಿ ಜೌಗು, ಬೆಂಕಿಕಡ್ಡಿಯ ಸೇತುವೆ, ನೀಲಿ ಬಳಿದ ಥೇಮ್ಸ್. ಶನಿವಾರ ಅವಳು ಅದನ್ನು ಮುಂದಿಟ್ಟುಕೊಂಡು ಆ ಊರು ಹುಟ್ಟಿದ ಕಥೆಯನ್ನು ಕ್ಲಾಸಿಗೆ ಹೇಳಬೇಕಿತ್ತು. ಹಿಂದಿನ ಸಲ ಎದ್ದು ನಿಂತವಳ ಬಾಯಿಂದ ಒಂದು ಮಾತೂ ಹೊರಡದೆ ಎಲ್ಲರೂ ನಕ್ಕಿದ್ದರು. ಅಂದಿನಿಂದ ಅವಳು ಕ್ಲಾಸಿನಲ್ಲಿ ಕೈ ಎತ್ತುವುದನ್ನೇ ಬಿಟ್ಟಿದ್ದಳು. ಮತ್ತೆ ಹಾಗಾದರೆ ಎಂಬ ಹೆದರಿಕೆ ಅವಳಿಗಿತ್ತು. ಬಹುಶಃ ನನಗೇ ಹೆಚ್ಚು.

ಆಗ ಅಲ್ಲಿ ವಾರದ ರಜೆಯಾಗಿದ್ದ ಶುಕ್ರವಾರ ಮಧ್ಯಾಹ್ನ ಅವಳು ನದಿಯ ಮೇಲೆ ಪೆನ್ಸಿಲಿನಲ್ಲಿ ಎರಡು ಬಾಣ ಬರೆದಳು. ಒಂದು ಸಮುದ್ರದ ಕಡೆಗೆ, ಒಂದು ಊರಿನ ಕಡೆಗೆ.

"ನದಿ ಒಂದೇ ಕಡೆ ಹರಿಯೋದು ಪುಟ್ಟಿ," ಎಂದೆ. "ಕಾವೇರಿ ಯಾವತ್ತಾದರೂ ವಾಪಸ್ ಬರುತ್ತಾ?"

"ಬಟ್ ಅಮ್ಮಾ, ಕ್ರೀಕ್ ಗೋಸ್ ಬೋತ್ ವೇಸ್."

"ಕ್ರೀಕ್ ನದಿಯಲ್ಲ. ಊರೊಳಗೆ ನುಗ್ಗಿದ ಸಮುದ್ರದ ನೀರು ಅಷ್ಟೇ."

ನದಿಯೇ ಇಲ್ಲದ ನಾಡಿನಲ್ಲಿ ಬೆಳೆಯುತ್ತಿರುವ ಮಗು ಎಂದು ಮರುಕವಾಯಿತು. ಮೈಸೂರಿನವಳಾದ ನನಗೆ ನದಿಯ ಬಗ್ಗೆ ಯಾವ ಅನುಮಾನವೂ ಇರಲಿಲ್ಲ. ಅವಳು ರಬ್ಬರ್ ಕೈಗೆತ್ತಿಕೊಂಡಳು.

ನನ್ನ ಗಂಡ ಉಡುಪಿ ಕಡೆಯವರು, ಜೆಬೆಲ್ ಅಲಿ ಬಂದರಿನಲ್ಲಿ ಕೆಲಸ. ಮೀನು ತರಲು ಹೋಗಿದ್ದವರು ಆಗಷ್ಟೇ ಬಂದು, ಚೀಲ ಹಿಡಿದೇ ಬಗ್ಗಿ ನೋಡಿದರು.

"ಅಳಿಸ್ಬೇಡ ಮಗಾ. ನಿನ್ನಮ್ಮನ ಊರಲ್ಲಿ ಸಮುದ್ರ ಉಂಟಾ? ಕೆಆರ್‌ಎಸ್ಸೇ ಸಮುದ್ರ ಅಂತ ಮಾಡಿದ್ದಾಳೆ."

"ಥೇಮ್ಸ್ ಏನು ನಿಮ್ಮ ಊರಿನ ಹೊಳೆಯಾ?"

"ಹೊಳೆ ಅಂದ್ರೆ ಹೊಳೆಯೇ ಅಲ್ವಾ ಮಾರಾಯ್ತಿ. ಭರತ ಬಂದ್ರೆ ನಮ್ಮಲ್ಲಿ ಉಪ್ಪುನೀರು ಗದ್ದೆವರೆಗೆ ಹತ್ತುದಿಲ್ವಾ? ಇಲ್ಲದಿದ್ರೆ ಹಡಗು ಅಷ್ಟು ಒಳಗೆ ಬರುದು ಹೇಗೆ?"

ಲೈಬ್ರರಿಯ ಪುಸ್ತಕ ತೆರೆದೆವು. ಸಮುದ್ರದ ಉಬ್ಬರ, ಅವರು ಹೇಳಿದ ಭರತ, ಹಡಗುಗಳನ್ನು ಅಲ್ಲಿಯವರೆಗೆ ಹೊತ್ತು ತರುತ್ತಿತ್ತು, ಸೇತುವೆ ಕಟ್ಟುವುದೂ ಅಲ್ಲಿ ಸಾಧ್ಯವಿತ್ತು, ಅದಕ್ಕೇ ಊರು ಅಲ್ಲಿ ಎದ್ದಿತು ಎಂದು ಬರೆದಿತ್ತು. ಆ ಪುಟವನ್ನು ಅವಳಿಗೆ ಓದಿ ಹೇಳಿದ್ದವಳು ನಾನೇ.

"ಯಲ್ಲಾ, ಹೊರಡು, ಚಪ್ಪಲಿ ಹಾಕು," ಎಂದು ಅವರು ಸಂಜೆ ಅವಳನ್ನು ಕ್ರೀಕಿಗೆ ಕರೆದೊಯ್ದರು. ದೋಣಿ ಕಟ್ಟೆಯಿಂದ ಅವಳು ಎಸೆದ ಕಿತ್ತಳೆ ಸಿಪ್ಪೆ ಸಮುದ್ರಕ್ಕೆ ಬೆನ್ನು ಹಾಕಿ ನಿಧಾನಕ್ಕೆ ಒಳಗೆ ತೇಲಿತು. ಅದು ನನ್ನ ಕಣ್ಣಿಗೆ ಕಟ್ಟಿದೆ. ಆದರೆ ನಾನು ಜೊತೆಗಿದ್ದೆನೇ, ಅವರು ಬಂದು ಹೇಳಿದ್ದನ್ನೇ ನೋಡಿದ್ದೇನೆ ಅಂದುಕೊಂಡಿದ್ದೇನೆಯೇ, ಗೊತ್ತಿಲ್ಲ.

ಶನಿವಾರ ಸ್ಕೂಲ್ ಬಸ್ ಇಳಿದು ಬಂದವಳನ್ನು ನಾನೇನೂ ಕೇಳಲಿಲ್ಲ. ಹಾಲು ಕೊಟ್ಟೆ. ತಾನಾಗಿಯೇ ಹೇಳಿದಳು.

"ಒಬ್ಬ ಕೇಳಿದ, ನೀರು ವಾಪಸ್ ಬರುತ್ತೆ ಅಂತ ಹೌ ಡು ಯು ನೋ ಅಂತ."

"ನೀನೇನಂದೆ?"

"ಐ ಸಾ ಇಟ್ ಅಂದೆ."

ನೀನು ನೋಡಿದ್ದು ಥೇಮ್ಸ್ ಅಲ್ಲವಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಅವಳು ಲೋಟ ಕೆಳಗಿಟ್ಟು, ನಾನು ಕೇಳದೆಯೇ, ಎರಡು ಗುಡ್ಡ ಮತ್ತು ಒಂದು ತೊರೆಯಿಂದ ಶುರುಮಾಡಿ ಇಡೀ ಕಥೆಯನ್ನು ನನಗೂ ಹೇಳತೊಡಗಿದಳು.